ಕಂಬಿಗೆ ಮೂರು ಪೆಟ್ಟು

ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಮೂಳೆ ಆಸ್ಪತ್ರೆಯಲ್ಲಿ ಕದಿರಪ್ಪನವರು ಇಪ್ಪತ್ತು ವರ್ಷ ಸ್ಟ್ರೆಚರ್ ತಳ್ಳಿದರು. ವಾರ್ಡಿನ ಮಂಚದಿಂದ ಆಪರೇಷನ್ ಥಿಯೇಟರಿನ ಬಾಗಿಲಿನವರೆಗೆ ತೊಂಬತ್ತಾರು ಹೆಜ್ಜೆ. ಆ ದಾರಿಯಲ್ಲಿ ಮಲಗಿ ಹೋಗುವವನಿಗೆ ಚಾವಣಿಯ ದೀಪಗಳಲ್ಲದೆ ಬೇರೇನೂ ಕಾಣುವುದಿಲ್ಲ. ಆದುದರಿಂದ ಆ ಹೊತ್ತಿನಲ್ಲಿ ಅವನಿಗೆ ಮನುಷ್ಯರ ಸುಳಿವು ಸಿಗುವುದು ಕಿವಿಯಿಂದಲೇ ಎಂಬುದನ್ನು ಕದಿರಪ್ಪನವರು ಯಾರ ಉಪದೇಶವೂ ಇಲ್ಲದೆ ಅರಿತಿದ್ದರು. ಗಾಲಿ ಉರುಳುವ ಮುನ್ನ ಅವರು ರೋಗಿಯ ಪಾದಗಳ ಮೇಲೆ ಹೊದಿಕೆಯನ್ನು ಎಳೆಯುವರು, ಬಲಗೈಯ ತಾಮ್ರದ ಉಂಗುರದಿಂದ ಸ್ಟ್ರೆಚರಿನ ಕಂಬಿಗೆ ಮೂರು ಸಲ ಮೆಲ್ಲಗೆ ತಟ್ಟುವರು, ಒಂದು ಉಸಿರಿನಷ್ಟು ಕಾಯುವರು. ಆಮೇಲೆಯೇ ಗಾಲಿ ಚಲಿಸುವುದು.

ಈ ಮೂರು ಪೆಟ್ಟು ಅವರಿಗೆ ತಂದೆಯಿಂದ ಬಂದದ್ದು. ಕ್ಯಾಸಂಬಳ್ಳಿಯ ಕಡೆಯವರಾದ ಆ ತಂದೆ ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯಲ್ಲಿ, ನೆಲದಾಳಕ್ಕೆ ಇಳಿಯುವ ಶಾಫ್ಟಿನ ಬಾಯಿಯ ಬಳಿ ನಿಂತು ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಆಳುಗಳನ್ನೂ ಅದಿರನ್ನೂ ಒಯ್ಯುವ ಕಬ್ಬಿಣದ ಪಂಜರ, ಕೇಜು, ಇಳಿಯುವುದು ಆ ಗಂಟೆಯ ಮಾತಿನಂತೆ. ಮೂರು ಹೊಡೆದರೆ, ಒಳಗೆ ಮನುಷ್ಯರಿದ್ದಾರೆ, ಜೋಪಾನ ಎಂದು ಅರ್ಥ. ಕೆಳಗಿನವರು ಮೇಲೆ ಬರುವಾಗಲೂ ಅದೇ ಮೂರು. ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ ಬೆಳೆಯುತ್ತಿದ್ದ ಮಗನಿಗೆ ತಂದೆ ಎರಡು ಕಟ್ಟಳೆಗಳನ್ನು ಕಲಿಸಿದ್ದರು.

"ಮೂರು ಒಡ್ದೋನು ಜಾಗ ಬುಡಂಗಿಲ್ಲ ಕಣ್ಲಾ. ಕೆಳಗ್ಲಿಂದ ಮೂರು ಕೇಳ್ಸೋಗಂಟ ಅವನ ಮನೆ ಅಲ್ಲೇ" ಎಂಬುದು ಮೊದಲನೆಯದು.

"ಒಂದ್ಸಲ ನಿನ್ನ ಗಂಟೆ ಮೇಲೆ ದೂರು ಬಂತು ಅನ್ನು, ಯಾರೂ ಯೋಳೋಕ್ ಮುಂಚೆ ನೀನೇ ಬುಟ್ಟುಕೊಡ್ಬೇಕು" ಎಂಬುದು ಎರಡನೆಯದು.

ಗಣಿ ಮುಚ್ಚಿತು; ತಂದೆಯವರೂ ಕಾಲವಶರಾದರು. ಕಟ್ಟಳೆಗಳೆರಡೂ ಮಗನ ಕೈಯಲ್ಲಿ ಉಳಿದವು. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಕದಿರಪ್ಪನವರು, ತಾವು ಮೂರು ತಟ್ಟಿ ಒಳಗೆ ಬಿಟ್ಟ ರೋಗಿ ಹೊರಗೆ ಬಂದು ಕಣ್ಣು ತೆರೆಯುವವರೆಗೆ ಮನೆಗೆ ಹೋದವರಲ್ಲ. ಪಾಳಿ ಮುಗಿದಿರಲಿ, ಊಟ ಆರಲಿ, ಬಂಗಾರಪೇಟೆಯ ಮನೆಯಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಪತ್ನಿ ಚಿಕ್ಕಮುನಿಯಮ್ಮನವರು ಎಷ್ಟೇ ಗೊಣಗಲಿ, ಥಿಯೇಟರಿನ ಎದುರಿನ ಬೆಂಚು ಅವರ ಸ್ಥಾನವಾಗಿತ್ತು.

ಈ ಆಸ್ಪತ್ರೆಯಲ್ಲಿ ಬಾಗಿದ ಕಾಲುಗಳನ್ನು ನೆಟ್ಟಗೆ ಮಾಡುವ ವೈದ್ಯರೊಬ್ಬರಿದ್ದಾರೆ. ಕೆಲವು ವರ್ಷಗಳಿಂದ ಬಾಂಗ್ಲಾದೇಶದವರೂ ಇಲ್ಲಿಗೆ ಬರತೊಡಗಿದ್ದರು. ರೈಲಿನಿಂದ ಬಂಗಾರಪೇಟೆಯಲ್ಲಿ ಇಳಿದು, ಫೋನಿನಲ್ಲಿ ಆಸ್ಪತ್ರೆಯ ಪುಟವನ್ನು ತೆರೆದು ಆಟೋದವರಿಗೆ ತೋರಿಸುವರು. ಫೇಸ್‌ಬುಕ್ಕಿನ ಆ ಪುಟವನ್ನು ನೋಡಿಕೊಳ್ಳುವುದಕ್ಕೆ ನೇಮಕವಾದವಳು ನವ್ಯ. ಅವಳ ತಂದೆ ಹಾವೇರಿಯ ಕಡೆಯಿಂದ ಕೆ.ಜಿ.ಎಫ್.ನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಅವಳು ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ, ಚುರುಕು, ವಿನಯಶೀಲೆ. ಹಾರ ಹಾಕಿಸಿಕೊಂಡ ವೈದ್ಯರು, ಹೊಸ ಯಂತ್ರಗಳು, ಕೈಮುಗಿದು ಕೃತಜ್ಞತೆ ಹೇಳುವ ರೋಗಿಗಳು, ಇವನ್ನೆಲ್ಲ ಅವಳು ಅಂದವಾಗಿ ಚಿತ್ರೀಕರಿಸಿ ಹಾಕುತ್ತಿದ್ದಳು. ಹೊಸ ಸ್ಟ್ರೆಚರುಗಳು ಬಂದಾಗ ಹದಿನಾಲ್ಕು ಸೆಕೆಂಡಿನ ಒಂದು ವಿಡಿಯೊವನ್ನೂ ಹಾಕಿದ್ದಳು. ಅದರಲ್ಲಿ ಕದಿರಪ್ಪನವರ ಮುಖವಿರಲಿಲ್ಲ. ಒಂದು ಮಗುವಿನ ಪಾದಕ್ಕೆ ಹೊದಿಕೆ ಎಳೆಯುವ ಕೈ, ಹಸಿರು ಅಂಗಿಯ ತೋಳು, ತಾಮ್ರದ ಉಂಗುರ, ಮೂರು ಪೆಟ್ಟಿನ ಸದ್ದು, ಬಳಿಕ ಗಾಲಿಗಳ ಚಲನೆ, ಇಷ್ಟೇ ಇತ್ತು.

ವರ್ಷ ಕಳೆದ ಮೇಲೆ ಆಸ್ಪತ್ರೆಯವರು ಕರೆಸಿದ ಸಲಹೆಗಾರರೊಬ್ಬರು ಪುಟವನ್ನು ನೋಡಿ, ವಿಡಿಯೊಗಳಲ್ಲಿ ಸದ್ದುಗದ್ದಲ ಕೂಡದು, ಎಲ್ಲಕ್ಕೂ ಇಂಪಾದ ವಾದ್ಯ ಸಂಗೀತವಿರಬೇಕು ಎಂದು ಹೇಳಿ ಹೋದರು. ನವ್ಯ ಹಳೆಯದನ್ನೆಲ್ಲ ಮರೆಮಾಡಿ, ವೀಣೆಯ ನಾದ ಸೇರಿಸಿ ಮತ್ತೆ ಹಾಕಿದಳು. ಆ ವಾರವೇ ವಾರ್ಡಿನಲ್ಲಿ ಚಿತ್ರೀಕರಿಸುತ್ತಿದ್ದಾಗ ಕದಿರಪ್ಪನವರಿಗೆ ಹೇಳಿದಳು:

"ಕದಿರಪ್ಪಣ್ಣ, ಆ ಟಕ್ ಟಕ್ ಅಂತ ಬಡೀತೀರಲ್ಲ, ಅದು ಬೇಡ. ಹೊರದೇಶದವರು ನೋಡ್ತಾರೆ."

"ಆಗ್ಲಿ ಮಗ."

ಅವಳು ಹೇಳಿದ್ದು ಆ ಹೊತ್ತಿನ ಚಿತ್ರೀಕರಣಕ್ಕೆ. ಅವರು ಕೇಳಿಸಿಕೊಂಡದ್ದು ತಮ್ಮ ಗಂಟೆಯ ಮೇಲೆ ಬಂದ ದೂರು. ಸಮುದ್ರದಾಚೆಯ ಯಾರೋ ನೋಡಿ ಬೇಸರಗೊಂಡಿರಬೇಕು, ಈ ಒರಟು ಕೈ ಅವರ ಕಣ್ಣಿಗೆ ಹಿತವಾಗಿರಲಾರದು ಎಂದು ಅವರು ಒಳಗೊಳಗೇ ನಿಶ್ಚಯಿಸಿಕೊಂಡರು. ತಂದೆಯ ಎರಡನೆಯ ಕಟ್ಟಳೆ ನೆನಪಾಯಿತು. ಮರುದಿನ ಹಿರಿಯ ದಾದಿ ರಾಧಾಮಣಿಯವರ ಮುಂದೆ ಹೋಗಿ ನಿಂತರು.

"ಸಿಸ್ಟರಮ್ಮ, ಮಂಡಿ ನೋಯ್ತದೆ. ನನ್ನನ್ನ ಬಟ್ಟೆ ರೂಮಿಗೆ ಆಕ್ಬುಡಿ."

ರಾಧಾಮಣಿ ಕೆ.ಜಿ.ಎಫ್.ನ ಕೋರಮಂಡಲ್ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು. ತಮಿಳು, ಕನ್ನಡ, ತೆಲುಗು, ಹಿಂದಿ ಯಾವುದರಲ್ಲಿ ಬೇಕಾದರೂ ಬೈಯಬಲ್ಲವರು. "ಮೂಳೆ ಆಸ್ಪತ್ರೇಲೇ ಇದ್ಕೊಂಡು ಮಂಡಿನೋವು ಅಂತೀಯಲ್ಲಣ್ಣ, ಕೇಳಿದೋರು ನಗಲ್ವಾ? ಬಾ, ಎಕ್ಸ್‌ರೇ ತೆಗೆಸ್ತೀನಿ" ಎಂದರು.

"ಅದು ಎಕ್ಸ್‌ರೇಗೆ ಕಾಣ್ಸೋ ಅಂತ ನೋವಲ್ಲ ಬುಡಿ."

ಹೀಗೆ ಕದಿರಪ್ಪನವರು ಬಟ್ಟೆ ರೂಮಿಗೆ ಸೇರಿದರು. ಒಗೆದು ಬಂದ ಹಸಿರು ಹಚ್ಚಡಗಳನ್ನು ಮಡಿಸಿ ಅಟ್ಟಣೆಗಳಲ್ಲಿ ಜೋಡಿಸುವ ಕೆಲಸ. ಸ್ಟ್ರೆಚರಿನ ಹಿಡಿ ಗಿರಿ ಎಂಬ ಯುವಕನ ಪಾಲಾಯಿತು. ಕದಿರಪ್ಪನವರು ಈಗ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದರು. ಅದನ್ನು ಕಂಡು ಚಿಕ್ಕಮುನಿಯಮ್ಮನವರಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು.

ಇದಾದ ಒಂದು ವರ್ಷಕ್ಕೆ ಬಾಂಗ್ಲಾದೇಶದ ಜೆಸ್ಸೋರ್ ಜಿಲ್ಲೆಯಿಂದ ನಾಸಿಮಾ ಎಂಬ ತಾಯಿ, ಹತ್ತು ವರ್ಷದ ಮಗಳು ಝರ್ನಾಳನ್ನು ಕರೆದುಕೊಂಡು ಬಂದಳು. ಮಗುವಿನ ಎಡಗಾಲು ಮುರಿದು, ತಪ್ಪಾಗಿ ಕೂಡಿ, ಒಳಕ್ಕೆ ಬಾಗಿತ್ತು. ತನ್ನ ನಾಡಿನಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆಯಾಗಿಯೂ ಫಲ ಸಿಕ್ಕಿರಲಿಲ್ಲ. ಅದರಿಂದ ಆ ಮಗುವಿಗೆ ಥಿಯೇಟರಿನ ಬಾಗಿಲೆಂದರೆ ಯಮನ ಬಾಗಿಲಾಗಿತ್ತು.

ಊರು ಬಿಡುವ ಮುನ್ನ ನಾಸಿಮಾ ಹತ್ತಾರು ಆಸ್ಪತ್ರೆಗಳ ಪುಟಗಳನ್ನು ತಿಂಗಳುಗಟ್ಟಲೆ ನೋಡಿದ್ದಳು. ಎಲ್ಲೆಲ್ಲೂ ನಗುವ ವೈದ್ಯರು, ಹೊಳೆಯುವ ಕಟ್ಟಡಗಳು. ಕೊನೆಗೆ ಅವಳು ಮಾತುಗಳಿಗೆ ಕಿವಿಗೊಡುವುದನ್ನೇ ಬಿಟ್ಟು, ಚಿತ್ರಗಳ ಅಂಚುಗಳನ್ನು ನೋಡತೊಡಗಿದಳು: ನೆಲ ಒದ್ದೆಯಿದೆಯೇ, ಹಿಂದಿನ ಮಂಚದಲ್ಲಿ ಮಲಗಿದವರ ಕಡೆಗೆ ಯಾರಾದರೂ ತಿರುಗಿ ನೋಡುತ್ತಾರೆಯೇ, ಚಿತ್ರ ತೆಗೆಯುತ್ತಿರುವುದು ಗೊತ್ತಿಲ್ಲದವರು ಹೇಗೆ ನಡೆದುಕೊಳ್ಳುತ್ತಾರೆ. ಜನರು ಕೆಳಗೆ ಬರೆದ ಪ್ರಶ್ನೆಗಳಿಗೆ ಆಸ್ಪತ್ರೆಯವರು ಎಲ್ಲರಿಗೂ ಒಂದೇ ಉತ್ತರ, ಒಂದೇ ಫೋನ್ ನಂಬರು ಕೊಟ್ಟಿದ್ದರೆ, ಅಲ್ಲಿ ಓದುವವರು ಯಾರೂ ಇಲ್ಲವೆಂದು ತಿಳಿಯುವಳು. ಹೀಗೆ ಹುಡುಕುತ್ತ ಅವಳು ಆ ಹದಿನಾಲ್ಕು ಸೆಕೆಂಡುಗಳ ಬಳಿಗೆ ಬಂದಳು. ಅದರ ಕೆಳಗೆ ಅವಳದೇ ಜಿಲ್ಲೆಯವನೊಬ್ಬ ಬಂಗಾಳಿಯಲ್ಲಿ ಬರೆದಿದ್ದ: "ನನ್ನನ್ನೂ ಒಳಗೆ ಕರೆದೊಯ್ದದ್ದು ಈ ಕೈಯೇ. ನಾನು ಎಚ್ಚರಗೊಂಡಾಗ ಅವರು ಅಲ್ಲೇ ಇದ್ದರು." ನಾಸಿಮಾ ಅವನಿಗೆ ಬರೆದು ವಿಚಾರಿಸಿದಳು, ಆಮೇಲೆ ಬೇರೆ ಪುಟಗಳನ್ನು ತೆರೆಯಲಿಲ್ಲ. ವಿಡಿಯೊವನ್ನು ಫೋನಿನಲ್ಲಿ ಇಳಿಸಿಕೊಂಡಳು. ಪುಟದಲ್ಲಿದ್ದದ್ದು ವೀಣೆಯಾಗಿ ಬದಲಾದ ಮೇಲೂ ಅವಳ ಫೋನಿನಲ್ಲಿ ಆ ಮೂರು ಪೆಟ್ಟು ಉಳಿದದ್ದು ಹೀಗೆ.

ಮನೆಯಲ್ಲಿ ತಾಯಿ ಮಗಳು ಅದನ್ನೇ ಆಟ ಮಾಡಿಕೊಂಡಿದ್ದರು. ಝರ್ನಾ ಮಂಚದ ಮೇಲೆ ಮಲಗುವಳು. ನಾಸಿಮಾ ಪಾದಕ್ಕೆ ಹೊದಿಸಿ ಮಂಚದ ಚೌಕಟ್ಟಿಗೆ ಬಳೆಯಿಂದ ಮೂರು ಸಲ ತಟ್ಟುವಳು. "ಆ ಕೈಯಾದರೆ ಹೋಗುತ್ತೇನೆ" ಎಂದು ಮಗು ಒಪ್ಪಿತ್ತು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಗಿರಿ ಸ್ಟ್ರೆಚರ್ ತಂದ. ಒಳ್ಳೆಯ ಹುಡುಗ, ನಗುತ್ತಲೇ ಬಂದು ನಗುತ್ತಲೇ ಹಿಡಿಗೆ ಕೈ ಹಾಕಿದ. ಝರ್ನಾ ಅವನ ಬೆರಳುಗಳನ್ನು ನೋಡಿದಳು. ಆಮೇಲೆ ವಾರ್ಡಿನ ಮಂಚದ ಕಂಬಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡಳು. ಅಳಲಿಲ್ಲ, ಕೂಗಲಿಲ್ಲ, ಕೈಯನ್ನು ಮಾತ್ರ ಸಡಿಲಿಸಲಿಲ್ಲ.

ವೈದ್ಯರಿಗೆ ಸುದ್ದಿ ಹೋಯಿತು. ಮಗುವನ್ನು ಬಲಾತ್ಕಾರದಿಂದ ತರಬೇಡಿ, ಅರ್ಧ ಗಂಟೆ ಕಾಯುತ್ತೇನೆ, ಆಮೇಲೆ ಮುಂದಿನ ರೋಗಿಯನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಅವರು ಹೇಳಿ ಕಳುಹಿಸಿದರು. ಇಂಥ ಶಸ್ತ್ರಚಿಕಿತ್ಸೆ ನಡೆಯುವುದು ಹದಿನೈದು ದಿನಕ್ಕೊಮ್ಮೆ. ಆ ಗುರುವಾರ ತಪ್ಪಿದರೆ, ಮತ್ತೊಂದು ಬರುವಷ್ಟರಲ್ಲಿ ತಾಯಿ ಮಗಳ ವೀಸಾ ತೀರಿ, ಬಾಗಿದ ಕಾಲಿನಲ್ಲಿಯೇ ಮರಳಬೇಕಾಗಿತ್ತು.

ನವ್ಯ, ಹೊರದೇಶದ ರೋಗಿಯ ಚಿತ್ರ ತೆಗೆಯಲೆಂದು ಅಲ್ಲಿಗೆ ಬಂದಿದ್ದಳು. ನಾಸಿಮಾ ತನ್ನ ಫೋನನ್ನು ಅವಳ ಮುಂದೆ ಹಿಡಿದು ಹರಕು ಹಿಂದಿಯಲ್ಲಿ, ಈ ಮನುಷ್ಯ ಎಲ್ಲಿ ಎಂದು ಕೇಳಿದಳು. ನವ್ಯ ತಾನೇ ತೆಗೆದ ಚಿತ್ರವನ್ನು ಅಪರಿಚಿತಳಂತೆ ನೋಡಿದಳು. ರಾಧಾಮಣಿ ಹಿಂದಿನಿಂದ ಬಗ್ಗಿ ನೋಡಿ, "ಅಯ್ಯೋ, ಇದು ನಮ್ಮ ಕದಿರಪ್ಪಣ್ಣನ ಉಂಗ್ರ" ಎಂದರು.

ಬಟ್ಟೆ ರೂಮಿನಲ್ಲಿ ಕದಿರಪ್ಪನವರು ಹಚ್ಚಡದ ಎರಡು ತುದಿಗಳನ್ನು ಗಲ್ಲದ ಕೆಳಗೆ ಒತ್ತಿಕೊಂಡು ಮಡಿಸುತ್ತಿದ್ದರು.

"ಎದ್ದು ಬಾರಣ್ಣ. ನಿನ್ನ ಕೈ ಬೇಕಂತೆ" ಎಂದರು ರಾಧಾಮಣಿ.

"ನನ್ನ ಕೈಯಾ? ಅದೇನ್ ತಪ್ಪು ಮಾಡ್ತು?"

"ತಪ್ಪೇನಿಲ್ಲ ಕದಿರಪ್ಪಣ್ಣ" ಎಂದಳು ನವ್ಯ. "ಒಂದು ಮಗು, ನೀವು ಬಂದು ಕಂಬಿ ತಟ್ಟದಿದ್ರೆ ಥಿಯೇಟರಿಗೆ ಹೋಗಲ್ಲ ಅಂತ ಕೂತಿದೆ."

"ನಾನು ಗಂಟೆ ಬುಟ್ಟುಕೊಟ್ಟೋನಮ್ಮ. ದೂರು ಬಂದ್ಮೇಲೆ ಮತ್ತೆ ಮುಟ್ಟಂಗಿಲ್ಲ."

"ಯಾರು ದೂರು ಕೊಟ್ರು?"

"ಒರದೇಶದೋರು. ನೀನೇ ಯೋಳಿದ್ಯಲ್ಲ ಮಗ."

ನವ್ಯಳಿಗೆ ತಾನು ಏನು ಹೇಳಿದ್ದೆನೆಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಅವಳ ಮುಖ ಬಾಡಿತು.

"ಯಾರೂ ದೂರು ಕೊಟ್ಟಿಲ್ಲಣ್ಣ. ನಾನು ಹಾಡು ಹಾಕೋಕೆ ಅಂತ ಹೇಳಿದ್ದು, ಅವತ್ತೊಂದು ದಿನಕ್ಕೆ."

"ಆಡಿಗಾ?"

"ಹಾಡಿಗೆ."

"ನೋಡು" ಎಂದರು ರಾಧಾಮಣಿ, "ಒಂದು ಹಾಡಿಗೋಸ್ಕರ ಒಂದು ವರ್ಷ ಬಟ್ಟೆ ಮಡಿಸ್ಬಿಟ್ಟೆ. ನಿನ್ನ ಮಂಡಿ ಕತೆ ನಂಬಿ ನಾನು ಎಣ್ಣೆ ಬೇರೆ ತಂದುಕೊಟ್ಟೆನಲ್ಲ, ಅದೇನು ಮಾಡ್ದೆ?"

"ಎಣ್ಣೆ ಒಳ್ಳೇದು ಸಿಸ್ಟರಮ್ಮ. ನಮ್ಮ ಅಸು ಕಾಲಿಗೆ ತಿಕ್ಕಿದ್ವಿ. ಚೆನ್ನಾಗಿ ನಡೀತದೆ."

ನಗುತ್ತಲೇ ಹೇಳಿದರೂ ಅವರು ಏಳಲಿಲ್ಲ. ಕಟ್ಟಳೆಯನ್ನು ಮುರಿಯುವುದು ಅವರಿಗೆ ಸುಲಭವಾಗಿರಲಿಲ್ಲ. ನವ್ಯ ತನ್ನ ಫೋನಿನಲ್ಲಿ ಆ ಹಳೆಯ ವಿಡಿಯೊದ ಕೆಳಗೆ ಜನ ಬರೆದದ್ದನ್ನು ಹುಡುಕಿದಳು. ಜನರಿಂದ ಮರೆಮಾಡಿದ್ದ ಅದು, ಬರೆದವರ ಮಾತುಗಳ ಸಮೇತ, ಅವಳಿಗೆ ಮಾತ್ರ ತೆರೆಯುತ್ತಿತ್ತು. ಬಂಗಾಳಿ ಅಕ್ಷರಗಳ ಮೂವತ್ತಕ್ಕೂ ಮಿಕ್ಕ ಸಾಲುಗಳು. ಅವುಗಳ ಅರ್ಥವನ್ನು ಅವಳು ಎಂದೂ ವಿಚಾರಿಸಿದವಳಲ್ಲ. ಪ್ರತಿಯೊಂದರ ಕೆಳಗೂ ಮುಗಿದ ಕೈಗಳ ಚಿತ್ರ, ಆಸ್ಪತ್ರೆಯ ನಂಬರು ಹಾಕಿ ಮುಂದೆ ಹೋಗಿದ್ದಳು. ಈಗ ಅಲ್ಲಿಯೇ ನಿಂತು ಫೋನಿನಲ್ಲೇ ಅನುವಾದ ಮಾಡಿಸಿ ಒಂದೊಂದನ್ನೇ ಓದಿದಳು.

"ಈ ಕೈ ಯಾರದು ಅಂತ ಒಬ್ಬರು ಕೇಳಿದ್ದಾರೆ. ನಮ್ಮಪ್ಪನನ್ನೂ ಇವರೇ ಕರೆದುಕೊಂಡು ಹೋದರು ಅಂತ ಇನ್ನೊಬ್ಬರು. ಅವರಿಗೆ ಸಲಾಂ ಹೇಳಿ ಅಂತ ಇಲ್ಲಿದೆ. ಇವರು ಇನ್ನೂ ಅಲ್ಲಿದ್ದಾರಾ, ಅವರಿದ್ದರೆ ನಾವು ಬರ್ತೀವಿ ಅಂತ..." ಅವಳು ಫೋನನ್ನು ಅವರ ಕಡೆಗೆ ತಿರುಗಿಸಿ ಹಿಡಿದಳು.

ಕದಿರಪ್ಪನವರು ಹಚ್ಚಡವನ್ನು ಅಟ್ಟಣೆಯ ಮೇಲಿಟ್ಟರು. ನಲ್ಲಿಯ ಬಳಿ ಹೋಗಿ ಮೊಣಕೈಯವರೆಗೆ ಸೋಪು ಹಚ್ಚಿ ಕೈ ತೊಳೆದರು. "ನಡೀರಿ" ಎಂದರು.

ವಾರ್ಡಿಗೆ ಬಂದಾಗ ಝರ್ನಾ ಅವರ ಮುಖವನ್ನು ನೋಡಲಿಲ್ಲ, ಕೈಯನ್ನು ನೋಡಿದಳು. ಫೋನಿನೊಳಗಿನ ಕೈ, ಎದುರಿಗಿರುವ ಕೈ, ಎರಡನ್ನೂ ಎರಡೆರಡು ಬಾರಿ ಹೋಲಿಸಿದಳು. ಆಮೇಲೆ ಮೆಲ್ಲಗೆ ತಲೆಯೆತ್ತಿ ಮುಖವನ್ನು ನೋಡಿ ತಾಯಿಗೆ ಏನೋ ಹೇಳಿದಳು. ನಾಸಿಮಾಳಿಗೆ ಅಳುವಿನ ನಡುವೆಯೇ ನಗು ಬಂದಿತು.

"ಏನಂತೆ?" ಎಂದರು ಕದಿರಪ್ಪನವರು.

ರಾಧಾಮಣಿ ನಾಸಿಮಾಳಿಂದ ಕೇಳಿ ತಿಳಿದು ಹೇಳಿದರು: "ಇಷ್ಟು ಮುದುಕ ಅಂತ ಗೊತ್ತಿರ್ಲಿಲ್ವಂತೆ."

"ಮೊಕ ತೋರ್ಸಿದ್ರೆ ಯಾರ್ ಬತ್ತಿದ್ರು ಅನ್ನು. ಒಳ್ಳೇದೇ ಆಯ್ತು."

ಅವರು ಮಗುವಿನ ಮುಂದೆ ಬಗ್ಗಿ ನಿಂತರು. "ನೋಡು ಕಂದ, ನಾನು ಮೂರು ಒಡೀತೀನಿ, ನೀನು ಓಗಿ ಬಾ. ಬಂದ್ಮೇಲೆ ನೀನು ಮೂರು ಒಡೀಬೇಕು. ಅಲ್ಲೀಗಂಟ ನಾನು ಇಲ್ಲೇ. ಮನೆಗೋಗಲ್ಲ."

ರಾಧಾಮಣಿ ಅದನ್ನು ಹಿಂದಿಗೆ ತಂದರು, ನಾಸಿಮಾ ಬಂಗಾಳಿಗೆ. ಮಗು ಮಂಚದ ಕಂಬಿಯಿಂದ ಮೊದಲು ಒಂದು ಕೈಯನ್ನು, ಬಳಿಕ ಇನ್ನೊಂದನ್ನು ತೆಗೆಯಿತು. ಸ್ಟ್ರೆಚರಿನ ಮೇಲೆ ಮಲಗಿಸಿದ ಮೇಲೆ ಕದಿರಪ್ಪನವರು ಅದರ ಪಾದಗಳ ಮೇಲೆ ಹೊದಿಕೆ ಎಳೆದರು. ಮೂರು ಪೆಟ್ಟು. ಒಂದು ಉಸಿರು. ತೊಂಬತ್ತಾರು ಹೆಜ್ಜೆ. ನವ್ಯಳ ಕೈಯಲ್ಲಿ ಫೋನಿತ್ತು. ಅವಳು ಅದನ್ನು ಎತ್ತಲಿಲ್ಲ.

ಬೆಂಚಿನ ಮೇಲೆ ಕುಳಿತ ಸ್ವಲ್ಪ ಹೊತ್ತಿಗೆ ಅವರು ಮನೆಗೆ ಫೋನ್ ಮಾಡಿದರು.

"ಮಧ್ಯಾಹ್ನ ಊಟಕ್ಕೆ ಬರಲ್ಲ ಕಣಮ್ಮಿ."

ಆ ಕಡೆಯಿಂದ ಚಿಕ್ಕಮುನಿಯಮ್ಮನವರು ಕೇಳಿದರು: "ಮೂರು ಒಡ್ದ್ಯಾ?"

"ಒಡ್ದೆ."

"ಅಂಗಾರೆ ನಿನ್ನ ಕಾಯೋದು ಬುಡ್ತೀನಿ. ಮುದ್ದೆ ಆರೋದ್ರೆ ನನ್ನ ಬೈಬ್ಯಾಡ." ಆದರೆ ಆ ಗೊಣಗುವ ದನಿ ಒಂದು ವರ್ಷದಲ್ಲಿ ಅಷ್ಟು ಹಗುರವಾಗಿ ಕೇಳಿಸಿರಲಿಲ್ಲ.

ಐದು ಗಂಟೆಗಳ ಕಾಯುವಿಕೆ. ನವ್ಯ, ನಾಸಿಮಾಳ ಪಕ್ಕದಲ್ಲಿ ಕುಳಿತು, ಹಳೆಯ ಪ್ರಶ್ನೆಗಳನ್ನು ಬರೆದವರಿಗೆಲ್ಲ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸತೊಡಗಿದಳು. ಅವಳು ಹಿಂದಿಯಲ್ಲಿ ಹೇಳುವಳು, ನಾಸಿಮಾ ಬಂಗಾಳಿಯಲ್ಲಿ ಬರೆಯುವಳು. ಅವರ ಹೆಸರು ಕದಿರಪ್ಪ. ಹೌದು, ಇಲ್ಲೇ ಇದ್ದಾರೆ. ನಿಮ್ಮ ತಂದೆಯವರ ಕಾಲು ಈಗ ಹೇಗಿದೆ ಎಂದು ಅವರು ಕೇಳುತ್ತಿದ್ದಾರೆ. ಈ ಕೊನೆಯದನ್ನು ಕದಿರಪ್ಪನವರು ತಾವಾಗಿಯೇ ಬರೆಸಿದ್ದು.

ಮಧ್ಯೆ ನವ್ಯ ಕೇಳಿದಳು: "ನಾನು ಇಡೀ ಆಸ್ಪತ್ರೆ ತೋರಿಸಿದ್ದೆ ಕದಿರಪ್ಪಣ್ಣ. ಡಾಕ್ಟ್ರು, ಮಿಷನ್ನು, ಎಲ್ಲ. ಇವರು ಒಂದು ಕೈ ನೋಡಿಕೊಂಡು ಇಷ್ಟು ದೂರ ಬಂದ್ರಲ್ಲ?"

"ಗುಟ್ಟಳ್ಳಿ ಬಂಗಾರು ತಿರುಪತೀಗೆ ನೀನು ಓಗಿಲ್ವಾ? ಅಲ್ಲಿ ಆ ಕಿಟ್ಕೀಲಿರೋ ಆರು ಕಂಡೀಲೇ ತಾನೆ ಸ್ವಾಮಿ ನೋಡೋದು. ಪೂರ್ತಿ ಕಾಣ್ಸೋದು ಯಾರಿಗೆ? ಕಂಡಷ್ಟಕ್ಕೇ ಕೈ ಮುಗ್ದು ಬತ್ತೀವಿ" ಎಂದು ಹೇಳಿ, ತಮ್ಮನ್ನು ದೇವರಿಗೆ ಹೋಲಿಸಿಕೊಂಡಂತಾಯಿತೇನೋ ಎಂದು ನಾಚಿ, ಅವರು ಎರಡೂ ಕೆನ್ನೆಗಳನ್ನು ಮುಟ್ಟಿಕೊಂಡರು.

ಒಂದೂವರೆ ಗಂಟೆಗೆ ವೈದ್ಯರು ಹೊರಗೆ ಬಂದು, ಮೂಳೆಯನ್ನು ನೆಟ್ಟಗೆ ಕೂರಿಸಿದ್ದೇವೆ, ಚೆನ್ನಾಗಿ ಆಯಿತು ಎಂದರು. ನಾಸಿಮಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆದಳು. ಕದಿರಪ್ಪನವರು ಏಳಲಿಲ್ಲ; ಅವರ ಮಟ್ಟಿಗೆ ಇನ್ನೂ ಏನೂ ಮುಗಿದಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಮಗುವಿನ ರೆಪ್ಪೆಗಳು ಅದುರಿದವು. ಕದಿರಪ್ಪನವರು ಮಂಚದ ಪಾದದ ಬಳಿ ನಿಂತಿದ್ದರು. ಝರ್ನಾ ಅವರನ್ನು ಕಂಡಳೋ ಕಾಣಲಿಲ್ಲವೋ, ಅವಳ ಬೆರಳುಗಳು ಕಂಬಿಯನ್ನು ಹುಡುಕಿದವು. ಒಂದು ಸಲ ತಟ್ಟಿದಳು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅಷ್ಟಕ್ಕೆ ಮಂಪರು ಮತ್ತೆ ಅವಳನ್ನು ಎಳೆದುಕೊಂಡಿತು.

"ಎಚ್ಚರ ಆಯ್ತಲ್ಲ, ಇನ್ನು ನೀವು ಹೊರಡಿ ಕದಿರಪ್ಪಣ್ಣ" ಎಂದಳು ನವ್ಯ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಎರಡಾಯ್ತಮ್ಮ ಅಷ್ಟೆ. ಎರಡು ಅಂದ್ರೆ ಗಣೀಲಿ ಕೆಳಕ್ಕೆ ಇಳ್ಸು ಅಂತ. ಇದನ್ನ ಮತ್ತೆ ಇಳ್ಸಂಗಿಲ್ಲ."

ರಾಧಾಮಣಿ ಒಂದು ಕುರ್ಚಿ ತಂದು ಹಾಕಿದರು. ಬಿಸಿಲು ಕಿಟಕಿಯಿಂದ ಜಾರಿ ನೆಲಕ್ಕೆ ಬಂದಿತು, ನೆಲದಿಂದ ಎದುರು ಗೋಡೆಗೆ ಏರಿತು. ಮಾರಿಕುಪ್ಪದ ಕಡೆಗೆ ಹೋಗುವ ರೈಲು ದೂರದಲ್ಲಿ ಕೂಗಿ ಹೋಯಿತು. ನಾಸಿಮಾ ತನ್ನ ಚೀಲದಿಂದ ಎರಡು ಬಿಸ್ಕತ್ತು ತೆಗೆದು ಕೊಟ್ಟಳು. ಅವರು ಒಂದನ್ನು ತಿಂದು, ಇನ್ನೊಂದನ್ನು ಮಗುವಿಗೆಂದು ಅವಳಿಗೇ ಹಿಂದಿರುಗಿಸಿದರು.

ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಝರ್ನಾ ಪೂರ್ತಿಯಾಗಿ ಕಣ್ಣು ತೆರೆದಳು. ತಾಯಿಯನ್ನು ನೋಡಿದಳು. ನೆಟ್ಟಗೆ ಚಾಚಿದ್ದ ಪಟ್ಟಿಯ ಕಾಲನ್ನು ನೋಡಿದಳು. ಆಮೇಲೆ ಕುರ್ಚಿಯ ಕಡೆಗೆ ತಿರುಗಿ, ತಾಮ್ರದ ಉಂಗುರವಿದ್ದ ಆ ಕೈಯನ್ನು ಗುರುತಿಸಿ, ಉಳಿದಿದ್ದ ಒಂದು ಪೆಟ್ಟನ್ನು ಸ್ಪಷ್ಟವಾಗಿ ತಟ್ಟಿದಳು.

ಕದಿರಪ್ಪನವರು ಎದ್ದು ನಿಂತು, ಅವಳ ಪಾದಗಳ ಮೇಲೆ ಜಾರಿದ್ದ ಹೊದಿಕೆಯನ್ನು ಸರಿಪಡಿಸಿದರು. ಜೇಬಿನಿಂದ ಫೋನ್ ತೆಗೆದರು.

"ಮುದ್ದೆ ಇಕ್ಕು ಕಣಮ್ಮಿ" ಎಂದರು. "ಬತ್ತಾ ಇದ್ದೀನಿ."